ಎರಡು ಗಂಟೆಯ ಷರಾ

ದೆವ್ವ, ಗಾಳಿ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ಬೈಲಹೊಂಗಲ ಸೀಮೆಯ ಆಸ್ಪತ್ರೆಗಳಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸ್ ಆಗಿದ್ದೇನೆ. ಹೆಣದ ಕೋಣೆಯ ಪಕ್ಕದಲ್ಲೇ ಕುಳಿತು ರೊಟ್ಟಿ ತಿಂದಿದ್ದೇನೆ. ಯಾರಾದರೂ "ಅಲ್ಲೇನೋ ಕಂಡಂಗಾತ್ರಿ ಸಿಸ್ಟರ್" ಅಂದರೆ, "ನಿನಗ ಪಿತ್ತ ಏರೇತಿ, ನೀರು ಕುಡದು ಮಲಗು" ಎಂದು ಗದರಿಸಿ ಕಳಿಸುತ್ತಿದ್ದೆ. ಇಂಥವಳು ಈಗ ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಹೆಂಗಸರ ವಾರ್ಡಿನ ಮೂಲೆಯ ಹಾಸಿಗೆಗೆ ದೊಡವಾಡ ಕಡೆಯ ಶಾಂತವ್ವ ಬಂದಳು. ವಯಸ್ಸು ಮೂವತ್ತರ ಆಚೀಚೆ. ಊಟ ಬಿಟ್ಟು ನಿತ್ರಾಣವಾಗಿದ್ದಳು. ಜ್ವರವಿಲ್ಲ, ಬಿ.ಪಿ. ಸರಿ, ರಕ್ತವೂ ಸರಿ. ಡಾಕ್ಟರು ಖಿನ್ನತೆ ಎಂದು ಬರೆದರು. ಧಾರವಾಡದ ಮಾನಸಿಕ ಆಸ್ಪತ್ರೆಗೆ ಕಳಿಸುವ ತನಕ ಒಬ್ಬಳನ್ನೇ ಬಿಡಬೇಡಿ, ಎರಡು ತಾಸಿಗೊಮ್ಮೆ ಹತ್ತಿರ ಕುಳಿತು ಮಾತಾಡಿಸಿ ಎಂದು ಕೆಂಪು ಶಾಯಿಯಲ್ಲಿ ಸೂಚಿಸಿದರು. ನಾವೋ, ಮೂವತ್ತು ಹಾಸಿಗೆಗೆ ಇಬ್ಬರೇ ನರ್ಸುಗಳು. ಸಲೈನ್ ಮುಗಿದವರು ಕೂಗುತ್ತಾರೆ, ಹೊಲಿಗೆ ಹಾಕಿಸಿಕೊಂಡವರು ನರಳುತ್ತಾರೆ. ಶಾಂತವ್ವ ಗೋಡೆಯ ಕಡೆ ಮುಖ ಮಾಡಿ ಸುಮ್ಮನೆ ಮಲಗಿರುತ್ತಿದ್ದಳು. ಸುಮ್ಮನಿರುವವರು ನಮ್ಮ ಪಾಲಿಗೆ ಒಳ್ಳೆಯ ಪೇಷಂಟು.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲಸದ ಗದ್ದಲದಲ್ಲಿ ನಾವು ಮುಂದಿನ ತಾಸಿನ ಷರಾಗಳನ್ನು ಮೊದಲೇ ಬರೆದಿಡುತ್ತಿದ್ದೆವು. ಆ ದಿನ ಹನ್ನೆರಡಕ್ಕೇ ಆಕೆಯ ಕೇಸ್‌ಪೇಪರಿನಲ್ಲಿ "ಮಧ್ಯಾಹ್ನ ಎರಡು: ಹತ್ತಿರ ಕುಳಿತು ಮಾತಾಡಿಸಲಾಯಿತು" ಎಂದು ಬರೆದು ಸಹಿ ಹಾಕಿದ್ದೆ. ಅಷ್ಟರಲ್ಲಿ ಕಷ್ಟದ ಹೆರಿಗೆಯೊಂದು ಬಂತು. ಜೊತೆಯ ಸಿಸ್ಟರ್, ಆಯಾ, ನಾನು ಮೂವರೂ ಹೆರಿಗೆ ಕೋಣೆ ಸೇರಿದೆವು. ತಾಯಿ, ಕೂಸು ಇಬ್ಬರೂ ಉಳಿದರು. ನಾನು ಕೈ ತೊಳೆದು ಗಡಿಯಾರ ನೋಡಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು.

ಆಗ ಶಾಂತವ್ವನ ನೆನಪಾಯಿತು. ಆಕೆಯ ಜೊತೆಗಿದ್ದ ತಾಯಿ ಬುತ್ತಿ ತರಲು ಊರಿಗೆ ಹೋಗಿದ್ದಳು. ಓಡಿದೆ. ಶಾಂತವ್ವ ಕಿವಿಯ ಓಲೆ, ಕೈಬಳೆ ಎಲ್ಲ ಬಿಚ್ಚಿ ವಸ್ತ್ರದಲ್ಲಿ ಕಟ್ಟಿ ದಿಂಬಿನ ಮೇಲಿಟ್ಟಿದ್ದಳು. ಚಪ್ಪಲಿ ಮೆಟ್ಟಿಕೊಂಡು ಹಾಸಿಗೆಯ ತುದಿಗೆ ಕುಳಿತಿದ್ದಳು.

"ಎಲ್ಲಿಗೆ ಹೊಂಟಿ ಶಾಂತವ್ವಾ?" ಎಂದೆ.

"ತಿರಗಿ ಬರಬಾರ್ದಂತ ಹೊಂಟಿದ್ದೆರಿ." ಮೂರು ದಿನದಲ್ಲಿ ಆಕೆಯ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು. "ನೀವ ಅಂದ್ರೆಲ್ಲ, ನಾಕಕ್ಕ ಮತ್ತ ಬರತೇನಿ, ಅಲ್ಲೀತನಕ ಎಲ್ಲೂ ಹೋಗಬ್ಯಾಡ ಅಂತ. ಅದಕ್ಕ ಕುಂತೇನಿ."

"ನಾನು? ಯಾವಾಗ ಅಂದೆ?"

"ಎರಡಕ್ಕ ಬಂದಿದ್ರಲ್ಲರಿ. ಭಾಳ ಹೊತ್ತು ಕೈ ಹಿಡ್ಕೊಂಡು ಕುಂತಿದ್ರಿ."

ಏ ಹುಚ್ಚಿ, ನಾ ಹೆರಿಗಿ ಕೋಣ್ಯಾಗ ಇದ್ದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕಾಲಿನ ಗಾಯಕ್ಕೆಂದು ದಾಖಲಾಗಿದ್ದ ಎದುರು ಹಾಸಿಗೆಯ ಮುದುಕಿ, "ಹೌದ್ರಿ ಸಿಸ್ಟರ್, ನಾನೂ ನೋಡೇನಿ" ಎಂದಳು. ನಾನು ಶಾಂತವ್ವನ ಪಕ್ಕದಲ್ಲಿ ಕುಳಿತೆ. ಆಕೆಯ ತಾಯಿ ಬರುವವರೆಗೆ ಹಿಡಿದ ಕೈ ಬಿಡಲು ನನಗೆ ಧೈರ್ಯವಾಗಲಿಲ್ಲ.

ಡಾಕ್ಟರ ಮುಂದೆ ನನ್ನ ಸುಳ್ಳು ಷರಾ ಒಪ್ಪಿಕೊಂಡು ಚೆನ್ನಾಗಿ ಬೈಸಿಕೊಂಡೆ. ಔಷಧದ ಮಂಪರಿಗೆ ಹಾಗೆ ಕಂಡಿರಬೇಕು ಎಂದರು ಅವರು. ಆದರೆ ಮುದುಕಿಗೆ ಯಾವ ಮಂಪರು? ಧಾರವಾಡದ ಔಷಧಿಯಿಂದ ಶಾಂತವ್ವ ಸುಧಾರಿಸಿದಳು. ಈಗ ಗುಳಿಗೆಗೆ ಬಂದಾಗ ನನ್ನ ಟೇಬಲ್ಲಿನ ಹತ್ತಿರ ನಿಂತು, ಕೆಲಸ ಕೆಡುವಷ್ಟು ಹರಟುತ್ತಾಳೆ. ಹರಟಲಿ ಬಿಡಿ, ನನಗೆ ಖುಷಿಯೇ.

ಯಾರಿಗೂ ಹೇಳದ ಮಾತೊಂದಿದೆ. ಧಾರವಾಡಕ್ಕೆ ಆಂಬುಲೆನ್ಸ್ ಹತ್ತುವ ಮುಂಚೆ, ಆ ಎರಡು ಗಂಟೆಗೆ ನಾನು ಮತ್ತೇನು ಅಂದೆ ಎಂದು ಆಕೆಯನ್ನು ಕೇಳಿದ್ದೆ.

"ನಿಮ್ಮ ಗಂಗಕ್ಕನ ಸುದ್ದಿ ಹೇಳಿದ್ರಿ. ಆಕಿನೂ ಹಿಂಗ ಗ್ವಾಡಿ ನೋಡ್ಕೋತ ಮಲಗತಿದ್ಲು, ನಮ್ಮಕ್ಕನ ಹಂತ್ಯಾಕ ನಾ ಒಂದ ದಿನಾನೂ ಕುಂದರಲಿಲ್ಲ ಅಂತಂದು ಭಾಳ ಅತ್ರಿ."

ನನ್ನ ಅಕ್ಕ ಗಂಗಕ್ಕ ರಾಮದುರ್ಗದಲ್ಲಿ ತೀರಿಹೋಗಿ ಆಗ ಒಂಬತ್ತು ವರ್ಷವಾಗಿತ್ತು. ನಮ್ಮ ಆಸ್ಪತ್ರೆಯಲ್ಲಿ ಆಕೆಯ ಹೆಸರನ್ನು ನಾನು ಯಾರ ಮುಂದೆಯೂ ಎತ್ತಿರಲಿಲ್ಲ. ಆಕೆಯನ್ನು ಮಣ್ಣು ಮಾಡಿದ ದಿನವೂ ನನಗೆ ಅಳು ಬಂದಿರಲಿಲ್ಲ. ಶಾಂತವ್ವನ ಕೈ ಹಿಡಿದು ಅಷ್ಟೊಂದು ಅತ್ತವರು ಯಾರು, ಇಂದಿಗೂ ನನಗೆ ಗೊತ್ತಿಲ್ಲ.