ಎದುರು ಮನೆಯ ಲೀನಾ

ಊರು ಯಾವುದೆಂದು ಯಾರೇ ಕೇಳಲಿ, ಲೀನಾ ದೇಶದ ಹೆಸರು ಹೇಳುತ್ತಿರಲಿಲ್ಲ. ಯಲಹಂಕದ ನಮ್ಮ ಬೀದಿಯ ತರಕಾರಿಯವನು "ಮಣಿಪುರಾನಾ, ನೇಪಾಳಾನಾ?" ಎಂದರೆ, ಕೊತ್ತಂಬರಿ ಕಟ್ಟನ್ನು ಮೂಸಿ ನೋಡುತ್ತಲೇ "ಮೂರನೇ ಕ್ರಾಸ್ ಕಣಣ್ಣ" ಎನ್ನುವಳು. ಅವನು ನಗುತ್ತಿದ್ದ. ಅವಳು ನಗುತ್ತಿರಲಿಲ್ಲ.

ಎದುರು ಮನೆಯ ಸಾವಿತ್ರಮ್ಮನವರ ಕಿರಿಯ ಮಗ ರಘು ವ್ಯಾಪಾರಕ್ಕೆಂದು ಚೀನಾದ ಗುವಾಂಗ್‌ಝೌಗೆ ಹೋಗಿ ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿದ್ದ. ಎರಡೂ ಕಡೆ ಸಲ್ಲುವ ಹೆಸರೆಂದು ಮಗಳಿಗೆ ಲೀನಾ ಎಂದಿಟ್ಟು, ಅವಳೊಡನೆ ಕನ್ನಡವನ್ನೇ ಆಡುತ್ತಿದ್ದ. ಅವನು ಹೃದಯಾಘಾತದಿಂದ ತೀರಿಕೊಂಡ ಮೇಲೆ, ಹದಿನೈದರ ಆ ಹುಡುಗಿ ಹಟ ಹಿಡಿದು ಅಜ್ಜಿಯ ಮನೆಗೆ ಓದಲು ಬಂದಳು.

ಸಂಜೆ ನಮ್ಮ ಮೆಟ್ಟಿಲ ಮೇಲೆ ಕೂತು ಹೇಳುವಳು: "ಆಂಟಿ, ಅಲ್ಲಿ ಎಲ್ರೂ 'ನಿನ್ ಚೈನೀಸ್ ಎಷ್ಟ್ ಚೆನ್ನಾಗಿದೆ' ಅಂತಾರೆ. ನಾನು ಹುಟ್ಟಿದ್ದೇ ಅಲ್ಲಿ! ನಿಮ್ಗೆ ಯಾರಾದ್ರೂ 'ನಿಮ್ ಕನ್ನಡ ಚೆನ್ನಾಗಿದೆ' ಅಂದ್ರೆ ಹೆಂಗಿರುತ್ತೆ?"

ಇಲ್ಲಿಯಾದರೂ ಅಪ್ಪನ ಮಗಳಾಗಿ ಇರಬಹುದೆಂಬ ಆಸೆ ಅವಳದು. ಅಪ್ಪ ಓದಿದ ಶಾಲೆ, ಕ್ರಿಕೆಟ್ ಆಡಿದ ಮೈದಾನ ಎಲ್ಲವನ್ನೂ ನನ್ನಿಂದ ಕೇಳಿ ತಿಳಿದು, ಹೋಗಿ ನೋಡಿ ಬಂದಳು.

ರಘುವಿನ ವರ್ಷದ ತಿಥಿಗೆ ನಾನೂ ಹೋಗಿದ್ದೆ. ಲೀನಾ ತಲೆಗೆ ಸ್ನಾನ ಮಾಡಿ, ಅಪ್ಪನ ಫೋಟೋದ ಮುಂದೆ ಕಿತ್ತಳೆ ಹಣ್ಣುಗಳನ್ನಿಟ್ಟು ಸೊಂಟ ಬಾಗಿಸಿ ನಮಸ್ಕರಿಸಿದಳು. ಅವಳ ಅಮ್ಮನ ಕಡೆ ತೀರಿಕೊಂಡ ಹಿರಿಯರಿಗೆ ಹಾಗೆ ಮಾಡುತ್ತಾರಂತೆ. ಅವಳ ದೊಡ್ಡಪ್ಪ ಹಣ್ಣುಗಳನ್ನು ತೆಗೆದು ಪಕ್ಕಕ್ಕಿಟ್ಟರು.

"ಇದೆಲ್ಲ ನಮ್ಮಲ್ಲಿ ನಡೆಯಲ್ಲಮ್ಮ. ನೀನು ಆಚೆ ಕೂತ್ಕೋ."

"ನಮ್ಮಲ್ಲಿ ಅಂದ್ರೆ ನಾನಿಲ್ವಾ ದೊಡ್ಡಪ್ಪ?"

ಅವಳು ಅಜ್ಜಿಯ ಕಡೆ ನೋಡಿದಳು. ಸಾವಿತ್ರಮ್ಮ ತಲೆ ತಗ್ಗಿಸಿದರು. ಲೀನಾ ಹೊರಗೆ ಹೋಗಿ ಚಪ್ಪಲಿಗಳ ಪಕ್ಕ ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ.

ಪರೀಕ್ಷೆ ಮುಗಿದೊಡನೆ ಅಮ್ಮನ ಬಳಿಗೆ ಹೊರಟುನಿಂತಳು. ಟ್ಯಾಕ್ಸಿ ಬಂದಾಗ ಸಾವಿತ್ರಮ್ಮ ಗೇಟಿನ ತನಕ ಓಡಿ ಬಂದು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು.

"ನನ್ ಮಗನ್ ಹಣೆ ಕಣೇ ಇದು. ನೀನು ನಮ್ಮವಳೇ. ಹೋಗ್ಬೇಡ ಕಣೇ."

"ಅವತ್ತು ಹೇಳ್ಬೇಕಿತ್ತು ಅಜ್ಜಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಅಜ್ಜಿಯ ಕಾಲು ಮುಟ್ಟಿ, ನನ್ನ ಕಡೆ ಕೈ ಬೀಸಿ, ಕಾರು ಹತ್ತಿದಳು.

ಮತ್ತೆ ಅವಳು ಬರಲಿಲ್ಲ. ಆಗೀಗ ನನ್ನ ಫೋನಿಗೆ ವಿಡಿಯೋ ಕಾಲ್ ಮಾಡಿ ಅಜ್ಜಿಯನ್ನು ಕರೆಸಿಕೊಳ್ಳುತ್ತಾಳೆ. ಅಲ್ಲಿ ಕನ್ನಡದಲ್ಲಿ ಮಾತಾಡಲು ಅವಳಿಗೆ ಯಾರಿದ್ದಾರೆ? ಮೊನ್ನೆ ಅಜ್ಜಿ ಏನೋ ಕೇಳಿದಾಗ ಅರ್ಥವಾಗದೆ, ಸುಮ್ಮನೆ ನಕ್ಕು ತಲೆಯಾಡಿಸಿದಳು.

ಫೋನು ಹಿಂದಿರುಗಿಸುತ್ತ ಸಾವಿತ್ರಮ್ಮ, "ಮರೀತಾ ಇದಾಳೆ" ಎಂದರು.