ಗಡಿ ದಾಟಿ ಬಂದ ಹಂಡೆ

ಗೋಕಾಕಕ್ಕೆ ಹೋಗಿ ಜಲಪಾತ ನೋಡದೆ ಬಂದವನು ನಾನು. ಧಾರವಾಡದ ಗೆಳೆಯರು ಇದಕ್ಕಾಗಿ ಇನ್ನೂ ನನ್ನ ಕಾಲೆಳೆಯುತ್ತಾರೆ. ಎಳೆಯಲಿ. ನಾನು ಹೊರಟದ್ದು ನೀರು ನೋಡುವುದಕ್ಕಲ್ಲ, ಕಲ್ಲಪ್ಪನೆಂಬ ರೈತನ ಕೆಲಸಕ್ಕೆ.

ಜನರನ್ನು ಹಿಡಿದು ಬಿಟ್ಟಿ ದುಡಿಸುವುದು ಅನ್ಯಾಯ, ಅದನ್ನು ನಿಲ್ಲಿಸುತ್ತೇವೆ ಎಂದು ದೂರದ ಜಿನೀವಾದಲ್ಲಿ ರಾಷ್ಟ್ರಗಳೆಲ್ಲ ಕೂಡಿ ಒಪ್ಪಂದ ಮಾಡಿಕೊಂಡ ಸುದ್ದಿ ಆಗ ಬಂದಿತ್ತು. ಸಾಲೆಯಲ್ಲಿ ಮಾಸ್ತರನಾಗಿದ್ದುಕೊಂಡೇ ನಮ್ಮ ವಾರಪತ್ರಿಕೆಗೆ ಅದನ್ನು ಕನ್ನಡಿಸಿದವನು ನಾನೇ. ನಮ್ಮನ್ನಾಳುವ ಇಂಗ್ರೇಜ ಸರಕಾರವೂ ರುಜು ಹಾಕಿದೆ ಎಂಬ ಸಾಲನ್ನು ದಪ್ಪಕ್ಷರದಲ್ಲಿ ಹಾಕಿಸಿದ್ದೆ. ಮೂಡಲಗಿಯಲ್ಲಿ ಅರಳೆಯ ವ್ಯಾಪಾರ ಮಾಡುವ ನನ್ನ ಸಾಲೆಯ ಗೆಳೆಯ ಗುರುಸಿದ್ಧಪ್ಪ ಅದನ್ನು ಓದಿ ಹೇಳಿಕಳಿಸಿದ. ಪಕ್ಕದ ಸಂಸ್ಥಾನದಲ್ಲಿ ಬಿಟ್ಟಿ ಬಿಟ್ಟು ಓಡಿಬಂದ ಒಬ್ಬ ಅವನ ಗೋದಾಮಿನಲ್ಲಿ ಕೂತಿದ್ದನಂತೆ. ಪತ್ರಿಕೆ ಹಿಡಿದುಕೊಂಡು ಬಾ ಎಂದಿದ್ದ.

ಸಂಕ್ರಾಂತಿ ಮುಗಿದು ಬಿಸಿಲು ಏರತೊಡಗಿತ್ತು. ಬೆಳಗಿನ ಗಾಡಿಯ ಮೂರನೆಯ ದರ್ಜೆಯಲ್ಲಿ ಒಂದು ಕಾಲ ಮೇಲೆ ನಿಂತು, ಬೆಳಗಾವಿ ದಾಟಿದ ಮೇಲೆ ಕೂತು, ಮಧ್ಯಾಹ್ನ ಗೋಕಾಕ ರೋಡ ಸ್ಟೇಶನ್ನಿನಲ್ಲಿ ಇಳಿದೆ. ಟಾಂಗಾದವನು ಎಂಟಾಣೆ ಕೇಳಿದ. ನಾನು ಆರಕ್ಕೆ ಇಳಿಸಿದೆ. ಅವನು ಸಿಟ್ಟಿನಿಂದ ದಾರಿಯ ಒಂದು ಗುಂಡಿಯನ್ನೂ ಬಿಡದೆ ನಡೆಸಿದ. ಗೋಕಾಕದಲ್ಲಿ ಪರಿಚಯದ ವಕೀಲರೊಬ್ಬರ ಮನೆಯಲ್ಲಿ ಇಳಿದುಕೊಂಡೆ. ಖಾರದ ಪಲ್ಯಕ್ಕೆ ನನ್ನ ಹೊಟ್ಟೆ ಉರಿಯುತ್ತಿದ್ದರೂ ಮರ್ಯಾದೆಗೆ ಎರಡು ರೊಟ್ಟಿ ತಿಂದೆ.

ವಕೀಲರು ಪತ್ರಿಕೆಯನ್ನು ಓದಿ ಮಡಚಿಟ್ಟರು. "ಛಲೋ ಬರದೀರಿ ಮಾಸ್ತರ. ಆದ್ರ ಸಂಸ್ಥಾನದ ಮಾತಿಗೆ ಇಲ್ಲಿ ಕೋರ್ಟು ಕೈ ಹಾಕೂದಿಲ್ಲ. ಇಂಗ್ರೇಜ ಸರಕಾರದ ಪ್ರಾಂತ ಸಾಹೇಬ್ರು ಹುಕ್ಕೇರ್ಯಾಗ ಡೇರೆ ಹಾಕ್ಯಾರ. ಅವರು ಮನಸ್ಸು ಮಾಡಿದ್ರ ಮನಿಶ್ಯಾ ಉಳೀತಾನ. ಅವನ್ನ ಕರಕೊಂಡ ಹೋಗ್ರಿ, ಅಡಗಿಸಿಟ್ರ ತಪ್ಪು ಮಾಡಿದಂಗ ಕಾಣತೈತಿ." ಮಾತು ನನಗೂ ಸರಿ ಕಂಡಿತು. ಕಲ್ಲಪ್ಪನ ಹೆಂಡತಿ ಬಾಣಂತಿ ಎಂದು ಗುರುಸಿದ್ಧಪ್ಪ ತಿಳಿಸಿದ್ದರಿಂದ ಪೇಟೆಯಲ್ಲಿ ಒಂದು ಸೇರು ಕರದಂಟು ಕಟ್ಟಿಸಿಕೊಂಡೆ.

ಮರುದಿನ ಮೂಡಲಗಿಗೆ ಮೋಟಾರು ಸಿಕ್ಕಿತು. ಒಳಗೆ ಜನರಿಗಿಂತ ಬೆಲ್ಲದ ಪೆಂಟೆಗಳೇ ಹೆಚ್ಚು. ಎರಡು ಕಡೆ ಇಳಿದು ನೂಕಿದೆವು. ನೂಕಿದವರಿಗೂ ಪೂರ್ತಿ ಬಾಡಿಗೆಯೇ. ದಾರಿಯ ಎರಡೂ ಬದಿ ಬಿಳಿಜೋಳ ತಲೆಯೆತ್ತರ ನಿಂತಿತ್ತು. ನಮ್ಮ ಭಾಗದ ಸಂಸ್ಥಾನಗಳ ಗೋಜಲು ಬಲ್ಲವರಿಗೆ ಹೊಸದಾಗಿ ಹೇಳಬೇಕಿಲ್ಲ. ಅದೇ ಮಣ್ಣು, ಅದೇ ಜೋಳ. ನಡುವೆ ಸುಣ್ಣ ಬಳಿದ ಒಂದು ಕಲ್ಲು. ಕಲ್ಲಿನ ಈಚೆ ಇಂಗ್ರೇಜರ ಪೊಲೀಸು, ಆಚೆ ರಾಜರ ಪೊಲೀಸು.

ಗೋದಾಮಿನ ಬಾಗಿಲಲ್ಲಿ ಕಲ್ಲಪ್ಪ ಅರಳೆಯ ಅಂಡಿಗೆಗೆ ಹೊಲಿಗೆ ಹಾಕುತ್ತ ಕೂತಿದ್ದ. ಮೂವತ್ತರ ಗಟ್ಟಿ ಆಳು. ನನ್ನನ್ನು ಕಂಡು ಎದ್ದು ನಿಂತವನು ಎಷ್ಟು ಹೇಳಿದರೂ ಕೂಡಲಿಲ್ಲ. ಸಂಸ್ಥಾನದ ಮಾಮಲೇದಾರರು ಸುಗ್ಗಿಯಲ್ಲಿ ಊರೂರು ತಿರುಗುತ್ತಿದ್ದರಂತೆ. ಅವರ ಸ್ನಾನದ ತಾಮ್ರದ ಹಂಡೆ ಹೊರುವ ಬಿಟ್ಟಿ ಇವನ ಪಾಲಿಗೆ ಬಂದಿತ್ತು. ಕೂಲಿಯಿಲ್ಲ, ರೊಟ್ಟಿ ಮನೆಯದೇ. ಅಷ್ಟರಲ್ಲಿ ಗಡಿಯ ಈಚೆ ಕೌಜಲಗಿಯ ತವರಿನಲ್ಲಿದ್ದ ಹೆಂಡತಿ ನೀಲವ್ವನಿಗೆ ಹೆರಿಗೆ ಕಷ್ಟವಾಗಿದೆ, ಉಳಿಯುವುದು ಕಠಿಣ ಎಂದು ಸುದ್ದಿ ಬಂತು.

"ಕಾರಕೂನರ ಕಾಲ ಹಿಡದ್ನಿರಿ. ಸಾಹೇಬ್ರ ಜಳಕಾ ಯಾರ ಅಪ್ಪ ಮಾಡಸ್ತಾನ ಅಂತ ಒದ್ರು. ದಾರ್ಯಾಗ ಉಳದವರು ಮುಂದ ಹೋದ್ರು, ನಾ ಹಿಂದ ಉಳದು ಜ್ವಾಳದಾಗ ಹೊಕ್ಕೇನಿ."

"ಹಂಡೆ?"

"ತಲೀಮ್ಯಾಲ ಇತ್ತಲ್ರಿ. ಹೊಲದಾಗ ಒಗದು ಬರಾಕ ಮನಸ್ಸಾಗಲಿಲ್ಲ. ಯಾರರ ಒಯ್ದ್ರ ನನಗ ಕಳ್ಳ ಅಂತಾರಲ್ಲ. ಹೊತಗೊಂಡ ಗಡಿ ದಾಟಿ, ಮೊದಲನೇ ಊರಿನ ಗೌಡ್ರ ಕೈಯಾಗ ಕೊಟ್ಟು, ತಿರಿಗಿ ಮುಟ್ಟಸ್ರೀಯಪ್ಪಾ ಅಂತ ಹೇಳಿ ಓಡಿದ್ನಿ."

ಹೆಂಡತಿ ಸಾಯುತ್ತಿದ್ದಾಳೆಂದು ಓಡುವವನು ತನ್ನನ್ನು ಒದೆಸಿದವರ ಹಂಡೆಯನ್ನು ಜೋಪಾನ ಮಾಡಿದ್ದ. ನನಗೆ ಅವನ ಮೇಲೆ ಅಭಿಮಾನ ಬಂತು. ಈ ಮಾತನ್ನು ಪತ್ರಿಕೆಯಲ್ಲಿ ಬರೆಯಬೇಕೆಂದುಕೊಂಡೆ.

ನೀಲವ್ವ ಉಳಿದಿದ್ದಳು, ಕೂಸೂ ಉಳಿದಿತ್ತು. ಗುರುಸಿದ್ಧಪ್ಪನ ಮನೆಯವರು ಇಬ್ಬರನ್ನೂ ಕರೆಸಿ ಹಿತ್ತಲಕೋಣೆಯಲ್ಲಿ ಇಟ್ಟುಕೊಂಡಿದ್ದರು. ಕರದಂಟಿನ ಪೊಟ್ಟಣವನ್ನು ಕೊಟ್ಟಾಗ ಅವಳು ಅದನ್ನು ಬಿಚ್ಚಲಿಲ್ಲ.

"ಐತವಾರ ಕೂಸನ್ನ ತೊಟ್ಲಾಗ ಹಾಕೂದೈತ್ರಿ. ಅವತ್ತ ಇವರು ಇಲ್ಲೇ ಇರ್ತಾರೇನ್ರಿ?"

"ಇರ್ತಾರವ್ವಾ," ಎಂದ ಗುರುಸಿದ್ಧಪ್ಪ. "ದುನಿಯಾದ ರಾಜ್ಯಗಳೆಲ್ಲಾ ಸಹಿ ಹಾಕ್ಯಾವ."

"ನಮ್ಮ ರಾಜರು ಹಾಕ್ಯಾರೇನ್ರಿ?"

ಆ ಪ್ರಶ್ನೆ ನನಗಾಗಲಿ ವಕೀಲರಿಗಾಗಲಿ ಹೊಳೆದಿರಲಿಲ್ಲ. ಇಂಗ್ರೇಜರು ಹಾಕಿದ ಮೇಲೆ ಎಲ್ಲರೂ ಹಾಕಿದಂತೆಯೇ ಎಂದು ಹೇಳಿದೆ. ಅವಳು ಕೂಸಿನ ಕುಲಾವಿ ಸರಿಮಾಡಿದಳು.

ಮೂರನೆಯ ದಿನ ನಸುಕಿನಲ್ಲೇ ಕಲ್ಲಪ್ಪ, ಗುರುಸಿದ್ಧಪ್ಪ, ನಾನು ಮೂವರೂ ಹೊರಟೆವು. ಗೋಕಾಕ ದಾಟಿ, ಧುಪದಾಳದ ಒಡ್ಡಿನ ಹತ್ತಿರ ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಿ, ಅಲ್ಲಿಂದ ಟಾಂಗಾ ಹಿಡಿದು ಹುಕ್ಕೇರಿ ಮುಟ್ಟುವಾಗ ಮೈಯೆಲ್ಲ ಧೂಳು. ಊರ ಹೊರಗಿನ ಮಾವಿನ ತೋಪಿನಲ್ಲಿ ಸಾಹೇಬರ ಬಿಳಿ ಡೇರೆಗಳಿದ್ದವು. ಹೊರಗೆ ಬೇರೆ ಬಣ್ಣದ ಪಟಕಾ ಸುತ್ತಿದ ಇಬ್ಬರು ಸಿಪಾಯಿಗಳು ಬೀಡಿ ಸೇದುತ್ತ ಕೂತಿದ್ದರು. ಕಲ್ಲಪ್ಪ ಅವರನ್ನು ಕಂಡು ನನ್ನ ಹಿಂದೆ ಸರಿದ. ಅವರು ಅವನ ಸಂಸ್ಥಾನದವರು.

ಸಾಹೇಬರು ಕೆಟ್ಟವರಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ನಮ್ಮಿಬ್ಬರಿಗೂ ಕುರ್ಚಿ ಕೊಟ್ಟರು, ಚಹಾ ಕೊಟ್ಟರು. ನಾನು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಒಪ್ಪಂದದ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಬಹಳ ಒಳ್ಳೆಯ ಒಪ್ಪಂದ," ಎಂದರು. "ಆದರೆ ರುಜು ಹಾಕುವಾಗಲೇ ಸರಕಾರ ಸಂಸ್ಥಾನಗಳನ್ನು ಅದರ ಹೊರಗಿಟ್ಟಿದೆ. ರಾಜರ ಮನೆಯೊಳಗಿನ ಮಾತಿಗೆ ನಾವು ಹೋಗುವುದಿಲ್ಲ."

"ಈ ಮನುಷ್ಯ ಈಗ ರಾಜರ ಮನೆಯೊಳಗಿಲ್ಲವಲ್ಲ. ನಿಮ್ಮ ಡೇರೆಯ ಮುಂದೆ ನಿಂತಿದ್ದಾನೆ."

"ನಿಜ. ಬಿಟ್ಟಿ ಬಿಟ್ಟು ಓಡಿದವನನ್ನು ಹಿಡಿದುಕೊಡಿ ಎಂದು ಅವರು ಕೇಳಿದ್ದರೆ ನಾನು ಖಂಡಿತ ಕೊಡುತ್ತಿರಲಿಲ್ಲ." ನನ್ನ ಮನಸ್ಸು ಹಗುರಾಯಿತು. ಅಷ್ಟರಲ್ಲಿ ಅವರು ಮುಂದುವರಿಸಿದರು. "ಅವರು ಕೇಳಿದ್ದು ಬೇರೆ. ತಾಮ್ರದ ಹಂಡೆ ಕದ್ದವನನ್ನು ಕೊಡಿ ಎಂದಿದ್ದಾರೆ. ಕಳ್ಳರನ್ನು ಒಪ್ಪಿಸಲು ಇಬ್ಬರ ನಡುವೆ ಹಳೆಯ ಕರಾರಿದೆ. ಆದರೆ ಅವರ ಮಾತು ಬಿಟ್ಟರೆ ಇವನು ಹಂಡೆ ಗಡಿ ದಾಟಿಸಿದ್ದಕ್ಕೆ ನನ್ನ ಮುಂದೆ ಯಾವ ಸಾಕ್ಷಿಯೂ ಇಲ್ಲ. ಅದು ಇಲ್ಲದಿದ್ದರೆ ಸಿಪಾಯಿಗಳು ಬರಿಗೈಲಿ ಹೋಗುತ್ತಾರೆ."

ಇವನನ್ನು ಬಿಟ್ಟುಬಿಡಲು ಅವರೂ ದಾರಿ ಹುಡುಕುತ್ತಿದ್ದರು ಎಂದೇ ನಾನು ಇಂದಿಗೂ ನಂಬಿದ್ದೇನೆ. ಪಕ್ಕದಲ್ಲಿದ್ದ ಶಿರಸ್ತೇದಾರರು ಕನ್ನಡದಲ್ಲಿ ಕೇಳಿದರು: "ಏನಪಾ, ಹಂಡೆ ನೀ ಒಯ್ದಿಯೇನು?"

ನಾನು ಸುಮ್ಮನಿರು ಎಂದು ಕೈ ಎತ್ತುವಷ್ಟರಲ್ಲಿ ಕಲ್ಲಪ್ಪನ ಮುಖ ಅರಳಿತ್ತು. ತನ್ನನ್ನು ಅಧಿಕಾರಿಗಳು ಯಾರೂ ಕೇಳದೆ ಬಿಟ್ಟಿದ್ದ ಒಂದೇ ಮಾತು ಕೊನೆಗೂ ಬಂತೆಂದು ಅವನು ತಿಳಿದ.

"ನಾನ ಒಯ್ದೇನ್ರಿ, ಖರೆ! ಒಂದ ನೆಗ್ಗ ಬೀಳದಂಗ ಒಯ್ದು ಗೌಡ್ರ ಕೈಯಾಗ ಕೊಟ್ಟೇನಿ. ಬೇಕಾದ್ರ ಅವರನ್ನ ಕೇಳ್ರಿ!"

ಶಿರಸ್ತೇದಾರರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ವಾಪಸು ಮುಟ್ಟಿಸಲೆಂದೇ ಗೌಡರಿಗೆ ಒಪ್ಪಿಸಿದ್ದಾನೆ, ಇದು ಕಳವು ಹೇಗಾಗುತ್ತದೆ ಎಂದು ನಾನು ದನಿ ಏರಿಸಿದೆ. ಅದನ್ನು ಅಲ್ಲಿಯ ನ್ಯಾಯಾಧೀಶರ ಮುಂದೆ ಹೇಳಿಕೊಳ್ಳಬಹುದು ಎಂದು ಅವರು ಮೆಲ್ಲಗೆ ಹೇಳಿ, ಅವನನ್ನು ಸಿಪಾಯಿಗಳಿಗೆ ಒಪ್ಪಿಸುವ ಕಾಗದಕ್ಕೆ ರುಜು ಹಾಕಿದರು. ಕಲ್ಲಪ್ಪ ಇನ್ನೂ ನಗುಮುಖದಲ್ಲೇ ಇದ್ದ. ಆದದ್ದನ್ನು ಅವನಿಗೆ ನಾನೇ ಹೇಳಿದೆ.

"ಹೊಲದಾಗ ಒಗದು ಬಂದಿದ್ರ?" ಎಂದು ಕೇಳಿದ ಅವನು.

"ಉಳೀತಿದ್ದಿ."

ಆ ದಿನ ಹುಕ್ಕೇರಿಯಲ್ಲೇ ಉಳಿದೆವು. ಊಟ ಯಾರಿಗೂ ಸೇರಲಿಲ್ಲ. ಮರುದಿನ ಸ್ಟೇಶನ್ನಿಗೆ ಟಾಂಗಾ ಮಾಡಿದಾಗ ಬಾಡಿಗೆ ಚೌಕಾಶಿ ಮಾಡುವ ಮನಸ್ಸೂ ಬರಲಿಲ್ಲ. ದಾರಿಯಲ್ಲಿ, ಘಟಪ್ರಭೆಯ ಕಡೆ ಇಳಿಯುವ ತಗ್ಗಿನಲ್ಲಿ, ಮುಂದೆ ನಡೆದು ಹೊರಟಿದ್ದ ಮೂವರನ್ನು ಹಿಂದೆ ಹಾಕಿದೆವು. ಇಬ್ಬರು ಸಿಪಾಯಿಗಳು ಕೈಬೀಸಿಕೊಂಡು ನಡೆಯುತ್ತಿದ್ದರು. ಅವರಿಬ್ಬರ ಹಾಸಿಗೆಯ ಸುರುಳಿ ಕಲ್ಲಪ್ಪನ ತಲೆಯ ಮೇಲಿತ್ತು. ತನ್ನ ಪಟಕಾವನ್ನೇ ಬಿಚ್ಚಿ ಸಿಂಬಿ ಮಾಡಿಕೊಂಡಿದ್ದ. ಗಡಿ ಇನ್ನೂ ಬಹಳ ದೂರವಿತ್ತು. ನಾವೆಲ್ಲ ನಿಂತದ್ದು ಒಪ್ಪಂದಕ್ಕೆ ರುಜು ಹಾಕಿದ ಸರಕಾರದ ನೆಲದ ಮೇಲೆಯೇ.

ಗುರುಸಿದ್ಧಪ್ಪ ಟಾಂಗಾ ನಿಲ್ಲಿಸಿ ಜಿಗಿದ. "ಯಾಕ್ರಿ, ಹಾಸಿಗಿ ಇವನ ತಲೀಮ್ಯಾಲ ಯಾಕ ಹೇರೀರಿ?" ಎಂದು ಸಿಪಾಯಿಗಳ ಮೇಲೆ ಹರಿಹಾಯ್ದ. ಅವರು ನಕ್ಕರು. ಕಲ್ಲಪ್ಪನೇ ತಡೆದ.

"ಬಿಡ್ರಿ ಸಾವ್ಕಾರ್ರ. ಐತವಾರ ಕೂಸನ್ನ ತೊಟ್ಲಾಗ ಹಾಕ್ರಿ, ನನ್ನ ಹಾದಿ ನೋಡಬ್ಯಾಡ್ರಿ." ಆಮೇಲೆ ನನ್ನ ಕಡೆ ತಿರುಗಿದ. ಹೊರೆಯ ಕೆಳಗಿನ ಆ ಮುಖದಲ್ಲಿ ನಗುವಿರಲಿಲ್ಲ. "ಮಾಸ್ತರ್ರ, ನೀವು ಓದಿದವರು. ಈ ಹಾಸಿಗಿ ಮುಂದ ಯಾರ ಕೈಯಾಗ ಕೊಡಬೇಕು, ಇವರನ್ನ ಒಂದಿಷ್ಟ ಕೇಳಿ ಹೇಳ್ರಿ. ಮತ್ತ ಇದನ್ನೂ ಕಳವು ಮಾಡಿದಿ ಅಂದಾರು."