ಬರಿದಾದ ತಂಬಿಗೆ

ದೆವ್ವ, ಪವಾಡ ಎಂದವರನ್ನು ಎದುರಿಗೇ ನಕ್ಕು ಕಳಿಸಿದವನು ನಾನು. ಈಗ ನನ್ನ ಮಾತಿಗೆ ನೀವು ನಕ್ಕರೆ ತಪ್ಪು ಎನ್ನಲಾರೆ. ಆದರೆ ಇದರಲ್ಲಿ ನಗುವಂಥದ್ದು ಕಡಿಮೆ, ಹೇಸುವಂಥದ್ದೇ ಹೆಚ್ಚು.

ಬನಹಟ್ಟಿಯ ನೇಕಾರರ ಮನೆ ನಮ್ಮದು. ಮಗ್ಗಗಳ ಗದ್ದಲದಲ್ಲಿ ಯಾರು ಬಡಿದರೂ ಕೇಳಿಸದು; ಹಾಗಾಗಿ ನಮ್ಮಲ್ಲಿ ಬಾಗಿಲು ಬಡಿಯುವ ರೂಢಿಯೇ ಇಲ್ಲ. ಹಗಲೆಲ್ಲ ತೆರೆದಿರುತ್ತದೆ, ಬಂದವರು ನೇರ ಒಳಗೆ ಬರುತ್ತಾರೆ. ಅವರಿಗೆಂದೇ ಒಳಗೆ ಬಾಗಿಲ ಪಕ್ಕ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಇಟ್ಟಿರುತ್ತೇವೆ.

ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಅಮಾವಾಸ್ಯೆಯ ದಿನ. ಮಗ್ಗಕ್ಕೆ ರಜೆ. ಮಧ್ಯಾಹ್ನದ ಝಳ ತಡೆಯದೆ ನಾನೇ ಚಿಲಕ ಹಾಕಿದೆ. ಹೆಂಡತಿಯೂ ನಾನೂ ಮಿರ್ಚಿ ಭಜಿ ತಿನ್ನುತ್ತ ಟಿವಿಯಲ್ಲಿ ಯಾವುದೋ ದೇಶದ ಯುದ್ಧದ ಸಿನಿಮಾ ನೋಡುತ್ತಿದ್ದೆವು. ಹೊರಗೆ ಗುಂಡಿನ ಸುರಿಮಳೆ, ಮನೆಯೊಳಗೆ ಸಿಕ್ಕಿಬಿದ್ದ ಒಂದು ಕುಟುಂಬ. ಗಾಯಗೊಂಡ ನೆರೆಯವಳೊಬ್ಬಳು ಬಂದು ಬಾಗಿಲು ಬಡಿಯುತ್ತಾಳೆ. ಮುಖಕ್ಕೆಲ್ಲ ಮಸಿ ಮೆತ್ತಿಕೊಂಡ ಮನೆಯೊಡತಿ ಮಕ್ಕಳ ಬಾಯಿ ಮುಚ್ಚಿ ಹಿಡಿದು ಕೂರುತ್ತಾಳೆಯೇ ಹೊರತು ಬಾಗಿಲು ತೆಗೆಯುವುದಿಲ್ಲ.

"ಎಷ್ಟ ಕಲ್ಲ ಎದಿ ನೋಡ ಆಕಿದು!" ಎಂದು ನಾನು ಭಜಿ ಕಚ್ಚುತ್ತ ಬೈದೆ.

"ನಮ್ಮ ಬಾಗಲಾನ ಬಡದಂಗಾತಲ್ರೀ?" ಎಂದಳು ಹೆಂಡತಿ.

"ನಮ್ಮನಿ ಬಾಗಲಾ ಯಾರ ಬಡೀತಾರ? ಸಿನಿಮಾದಾಗಿಂದ ಅದು, ಸುಮ್ಮ ಕೂಡು."

ಸಿನಿಮಾ ಮುಗಿದ ಮೇಲೆ ಬಾಗಿಲು ತೆಗೆದರೆ, ನಮ್ಮ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುವ ಕಾಶವ್ವ ಕಟ್ಟೆಯ ಮೇಲೆ ಎಚ್ಚರ ತಪ್ಪಿ ಬಿದ್ದಿದ್ದಳು. ಮರುದಿನ ನಮ್ಮ ಕೆಲಸ ನಿಲ್ಲಬಾರದೆಂದು ಆ ಬಿಸಿಲಲ್ಲಿ ಕಂಡಿಕೆಯ ಬುಟ್ಟಿ ಹೊತ್ತು ತಂದಿದ್ದಳು. ಮನೆಗೆ ಬೀಗ ಹಾಕಿ ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು.

ಸಂಜೆ ಕಣ್ಣು ಬಿಟ್ಟವಳೇ ನನಗೆ ಕೈ ಮುಗಿದಳು. "ನಿಮ್ಮನಿ ನೀರಿನಿಂದ ಉಳದೇನ್ರೀ ಯಪ್ಪಾ. ಬಾಯಾಗ ಬೆಲ್ಲಾನೂ ಇಟ್ಟಳು. ಆ ಹೆಣ್ಮಗಳು ಯಾರ್ರೀ? ಮಾರಿ ತುಂಬ ಮಸಿ ಹತ್ತಿತ್ತು. ಒಂದ ಮಾತೂ ಆಡಲಿಲ್ಲ."

ಮನೆಗೆ ಓಡಿಬಂದು ನೋಡಿದೆ. ತಂಬಿಗೆ ಬರಿದಾಗಿತ್ತು, ಬೆಲ್ಲ ಇರಲಿಲ್ಲ. ಹೆಂಡತಿಯಾಗಲಿ ನಾನಾಗಲಿ ಅದನ್ನು ಮುಟ್ಟಿರಲಿಲ್ಲ. ಚಿಲಕ ಹಾಕಿದವನು ನಾನು, ತೆಗೆದವನೂ ನಾನು.

ಬಿಸಿಲಿಗೆ ಕಾಶವ್ವನ ತಲೆ ಕೆಟ್ಟಿತ್ತು ಎನ್ನಬಹುದು. ತಂಬಿಗೆಗೆ ಏನು ಕೆಟ್ಟಿತ್ತು? ನನಗೆ ಇವತ್ತಿಗೂ ತಿಳಿದಿಲ್ಲ.

ಓಣಿಯವರೆಲ್ಲ ನಮ್ಮನ್ನು ಹೊಗಳಿದರು, ನಾನು ಹೊಗಳಿಸಿಕೊಂಡೆ. ಕಾಶವ್ವ ಈಗಲೂ ಬುಟ್ಟಿ ಇಳಿಸಿದೊಡನೆ ನನಗೆ ಕೈ ಮುಗಿಯುತ್ತಾಳೆ. ಆಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆದರೂ, "ಬಾಗಲಾ ನಾವು ತಗೀಲಿಲ್ಲ ಕಾಶವ್ವಾ" ಎನ್ನಲು ಈವರೆಗೆ ನನ್ನ ಬಾಯಿ ತೆರೆದಿಲ್ಲ.